ಮೈಕಿನಲ್ಲಿ ಹೇಳಿದ ಹೆಸರು

ಮೇಲಿನ ಮನೆಯ ಹುಡುಗಿ ಪ್ರಯಾಗಕ್ಕೆ ಹೋಗಿ ಬಂದು ನನಗೊಂದು ಪುಟ್ಟ ಬಾಟಲಿ ತಂದುಕೊಟ್ಟಳು. ಸೀಲ್ ಮಾಡಿದ ಪ್ಲಾಸ್ಟಿಕ್ ಬಾಟಲಿ, ಮೇಲೆ ತ್ರಿವೇಣಿ ಅಂತ ನೀಟಾಗಿ ಲೇಬಲ್ಲು. "ದೇವರ ಮುಂದೆ ಇಡಿ ಆಂಟಿ, ವರ್ಷಗಟ್ಟಲೆ ಕೆಡಲ್ಲ," ಅಂದಳು. ಅವಳು ಮೆಟ್ಟಿಲು ಹತ್ತಿ ಹೋದದ್ದೇ ನಾನು ಮುಚ್ಚಳ ತಿರುಗಿಸಿ ಮೂಸಿ ನೋಡಿದೆ. ಏನೂ ವಾಸನೆ ಇಲ್ಲ. ಫಿಲ್ಟರ್ ನೀರಿಗಾದರೂ ಒಂದು ವಾಸನೆ ಇರುತ್ತೆ, ಇದಕ್ಕೆ ಅದೂ ಇಲ್ಲ. ನನಗೆ ಗೊತ್ತಿದ್ದ ತ್ರಿವೇಣಿಗೆ ವಾಸನೆ ಇತ್ತು. ಹಸಿ ಮರಳು, ಕರ್ಪೂರ, ಒದ್ದೆ ಕಾಟನ್ ಸೀರೆ, ಆಮೇಲೆ... ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ. ಕಡೆಯದು ನದಿಯದಲ್ಲ. ಅದು ಪಕ್ಕದ ಮನೆಯ ರೊಟ್ಟಿಯಕ್ಕನದು.

ಬಸವೇಶ್ವರನಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೆಳಕು ಹರಿಯೋಕೆ ಮುಂಚೆಯೇ ಆ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು. ನಮಗೆ ಅಲಾರಂ ಬೇಕಿರಲಿಲ್ಲ. ಹಾವೇರಿ ಕಡೆಯವರು. ರೊಟ್ಟಿ, ಶೇಂಗಾ ಚಟ್ನಿ ಮಾಡಿ ಕುರುಬರಹಳ್ಳಿ, ಲಗ್ಗೆರೆಯ ಮೆಸ್‌ಗಳಿಗೆ ಕಳಿಸುತ್ತಿದ್ದರು. ಜೊತೆಗಿದ್ದದ್ದು ತಂಗಿಯ ಮಗಳೊಬ್ಬಳೇ. ಹಣೆಗೆ ವಿಭೂತಿ, ಅದರ ಕೆಳಗೆ ರೂಪಾಯಿ ಅಗಲದ ಕುಂಕುಮ. ಕುಂಕುಮಕ್ಕೆ ಕಾರಣನಾದ ಮನುಷ್ಯ ಮಾತ್ರ ಇರಲಿಲ್ಲ. ಎಷ್ಟೋ ವರ್ಷದ ಹಿಂದೆ ಭಜನೆ ತಂಡದ ಜೊತೆ ಯಾತ್ರೆಗೆ ಹೋದವರು, ದಾರಿಯಲ್ಲಿ ಚಹಾ ಕುಡಿದು ಬರ್ತೇನಿ ಅಂತ ಬಸ್ಸಿಳಿದರಂತೆ. ಬಸ್ಸು ವಾಪಸ್ ಬಂತು. ಅವರು ಬರಲಿಲ್ಲ.

ನಾನು ಮಡಿಕೇರಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ಓದಿದವಳು. ಸೈನ್ಸ್ ಕ್ಲಾಸಿನಲ್ಲಿ ಕ್ಯೂರಿಯಾಸಿಟಿ ಇರಬೇಕು, ಬೇರೆ ಕಡೆ ಅದು ಬ್ಯಾಡ್ ಮ್ಯಾನರ್ಸ್ ಅಂತ ಅಲ್ಲಿನ ಸಿಸ್ಟರ್‌ಗಳು ಹೇಳುತ್ತಿದ್ದರು. ಆನೆಸ್ಟ್ಲಿ, ಆ ವ್ಯತ್ಯಾಸ ನನಗೆ ಕೊನೆಗೂ ಅಂಟಲಿಲ್ಲ. ರೊಟ್ಟಿಯಕ್ಕನ ಕೊರಳಿನ ಬೆಳ್ಳಿ ಕರಡಿಗೆಯಲ್ಲಿ ಲಿಂಗ ಹೇಗಿರುತ್ತೆ, ವಿಭೂತಿಗೆ ಮೂರೇ ಗೆರೆ ಯಾಕೆ, ಎಲ್ಲ ಕೇಳುತ್ತಿದ್ದೆ. ಅವರೂ ಬೇಸರವಿಲ್ಲದೆ ಹೇಳುತ್ತಿದ್ದರು. ನನಗೆ ಅವರಿಟ್ಟ ಹೆಸರು ಕಾನ್ವೆಂಟಮ್ಮ.

ಒಂದು ವಿಷಯದಲ್ಲಿ ಮಾತ್ರ ನನ್ನನ್ನು ಅವರಿಗೆ ತಡೆದುಕೊಳ್ಳೋಕೆ ಆಗುತ್ತಿರಲಿಲ್ಲ. ನಾನು ನಮ್ಮವರನ್ನು ಹೆಸರು ಹಿಡಿದು ಕರೆಯುತ್ತಿದ್ದೆ, ಅದೂ ಕಾಂಪೌಂಡಿನ ಆಚೆಗೆ ಕೇಳುವ ಹಾಗೆ.

"ಗಂಡನ್ನ ನಾಯಿಮರಿ ಕರದಂಗ ಕರೀತೀರಲ್ರೀ," ಅನ್ನೋರು.

"ಹೆಸರಿರೋದೇ ಕರೆಯೋಕಲ್ವೇನ್ರೀ?"

"ಹೇಳಿದ್ರ ಆಯುಷ್ಯ ಕಡಿಮಿ ಆಗತೈತಿ."

"ನಮ್ಮವರಿಗೆ ಆಗಲೇ ಎಪ್ಪತ್ತು ದಾಟಿತು."

"ನೀವು ಬಾಯಿ ಮುಚ್ಚಿಕೊಂಡಿದ್ದಿದ್ರ ನೂರಾಗ್ತಿತ್ತು ಬಿಡ್ರಿ."

ಒಂದು ಮಾಘಮಾಸ, ಅವರ ಊರಿನವರು ಯಾರೋ ಬಂದು ಒಂದು ಸುದ್ದಿ ಹೇಳಿಹೋದರು. ತಿರುಮಕೂಡಲು ನರಸೀಪುರದ ತ್ರಿವೇಣಿ ಸಂಗಮದಲ್ಲಿ ಹಿಂದಿನ ಸಲ ಕುಂಭಮೇಳ ನಡೆದಾಗ, ಊಟದ ಪೆಂಡಾಲಿನಲ್ಲಿ ಅನ್ನ ಬಡಿಸುತ್ತಿದ್ದ ಕಾವಿಬಟ್ಟೆಯವನೊಬ್ಬ ಥೇಟ್ ಅವರ ಗಂಡನ ಹಾಗೇ ಇದ್ದನಂತೆ. ಈಗ ಮತ್ತೆ ಮೇಳ ಬಂದಿತ್ತು. ರೊಟ್ಟಿಯಕ್ಕ ಅವತ್ತು ಬಿಸಿ ರೊಟ್ಟಿ ಹಿಡಿದು ನಮ್ಮ ಅಡಿಗೆಮನೆಗೆ ಬಂದು, ತಟ್ಟೆ ಕೆಳಗಿಡದೆ ನಿಂತರು.

"ಕಾನ್ವೆಂಟಮ್ಮ, ಅಲ್ಲಿ ಕಳಕೊಂಡೋರ್ನ ಮೈಕ್ನ್ಯಾಗ ಕರೀತಾರಂತ. ನನ್ನ ಜೋಡಿ ಬರ್ರಿ."

"ನಾನ್ಯಾಕ್ರೀ?"

"ಹೆಸರು ಹೇಳಾಕ ಒಬ್ರು ಬೇಕಲ್ರೀ. ನಿಮಗ ಹೆಂಗೂ ರೂಢಿ ಐತಿ."

ಕೆಂಗೇರಿಯಲ್ಲಿ ಮೈಸೂರು ಬಸ್ಸು ಹತ್ತಿದೆವು. ವೃಷಭಾವತಿಯ ನಾತ ಕಿಟಕಿಯಿಂದ ನುಗ್ಗಿತು. ಇದೂ ಒಂದು ಕಾಲಕ್ಕೆ ಪುಣ್ಯನದಿಯೇ ಅಂತ ನಾನು ಹೇಳಿದ್ದಕ್ಕೆ, ಅವರು ಒಂದು ಕೈಯಲ್ಲಿ ಸೆರಗಿನಿಂದ ಮೂಗು ಮುಚ್ಚಿ ಇನ್ನೊಂದು ಕೈ ಹಣೆಗೆ ಮುಟ್ಟಿಸಿಕೊಂಡರು. "ನಿಮ್ಮ ಯಜಮಾನರ ಹೆಸರೇನು, ಈಗಲೇ ಹೇಳಿಬಿಡಿ," ಅಂದೆ. "ಅಲ್ಲಿ ಹೋದ್ ಮ್ಯಾಲೆ," ಅಂದರು. ಮಡಿಲಲ್ಲಿ ಬಟ್ಟೆಯ ಗಂಟು. ಯಜಮಾನರಿಗೆ ಮೆತ್ತನೆ ರೊಟ್ಟಿ ಇಷ್ಟ ಅಂತ ಹೊರಡುವ ಮುಂಚೆ ಬಡಿದು ಕಟ್ಟಿಕೊಂಡಿದ್ದರು.

ನದಿಯ ಹತ್ತಿರ ಹೋದಾಗ ನಾನು ಬಂದ ಕೆಲಸವನ್ನೇ ಮರೆತೆ. ಮರಳಿನ ಮೇಲೆ ಅಷ್ಟು ಜನ, ತೇಲುವ ಸೇತುವೆ, ನೀರಿನ ಮಧ್ಯೆ ನಿಂತು ಒಬ್ಬರ ಬೆನ್ನು ಒಬ್ಬರು ಉಜ್ಜುತ್ತಿದ್ದ ಮುದುಕಿಯರು... ಕಾವೇರಿ ಇದು, ಕಪಿಲೆ ಅದು ಅಂತ ಯಾರೋ ತೋರಿಸಿದರು. ಮೂರನೆಯದು ಎಲ್ಲಿ ಅಂತ ನಾನು ಹುಡುಕುತ್ತಲೇ ಇದ್ದೆ.

"ಅದು ಕಾಣಂಗಿಲ್ರಿ," ಅಂದರು ರೊಟ್ಟಿಯಕ್ಕ.

"ಕಾಣದಿದ್ರೆ ಮೂರು ಅಂತ ಹೇಗೆ ಹೇಳ್ತಾರೆ?"

"ಐತಿ ಅಂತ ಲೆಕ್ಕ. ಎಲ್ಲಾರೂ ಒಪ್ಕೊಂಡಾರ, ನಿಮಗೊಬ್ಬರಿಗೇ ತಕರಾರು."

ಅವರು ಮೊದಲು ಊಟದ ಪೆಂಡಾಲುಗಳನ್ನೆಲ್ಲ ಸುತ್ತಿದರು. ಬಡಿಸುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಕಾವಿ ತುಂಬಾ ಇತ್ತು, ಆ ಮುಖ ಇರಲಿಲ್ಲ. ಕಡೆಗೆ ಮೈಕಿನ ಶಾಮಿಯಾನದ ಕ್ಯೂನಲ್ಲಿ ನಿಂತೆವು. ಮಫ್ಲರ್ ಸುತ್ತಿಕೊಂಡವನೊಬ್ಬ, ಹಸಿರು ಸೀರೆಯ ಅಜ್ಜಿಯನ್ನು ಮಂಡ್ಯದವರು ಬಂದು ಕರೆದುಕೊಂಡು ಹೋಗಿ ಅಂತ ಕೂಗುತ್ತಿದ್ದ. ನಮ್ಮ ಸರದಿ ಬಂದಾಗ ಮೈಕನ್ನು ನನ್ನ ಮುಂದೆ ಹಿಡಿದ.

"ಈಗಲಾದ್ರೂ ಹೇಳ್ರೀ," ಅಂದೆ.

ರೊಟ್ಟಿಯಕ್ಕ ನನ್ನ ಕಿವಿಯಲ್ಲಿ, "ಶಿವ ತಲಿ ಮ್ಯಾಲೆ ಏನಿಟ್ಕೊಂಡಾನ? ಅದ," ಅಂದರು.

ನಾನು ಫುಲ್ ಕಾನ್ಫಿಡೆನ್ಸಿನಿಂದ, "ಚಂದ್ರಶೇಖರಪ್ಪನವರೇ, ಎಲ್ಲಿದ್ದರೂ ಬರಬೇಕು," ಅಂದೆ. ತೋಳಿಗೆ ಚಿವುಟಿದರು.

"ಯಾರ ಗಂಡನ್ನ ಕರೀತೀರಿ? ಚಂದ್ರ ಅಲ್ಲ, ಇನ್ನೊಂದು," ಅಂತ ಗದ್ದದಿಂದ ನೀರಿನ ಕಡೆ ತೋರಿಸಿದರು. ಎದುರಿಗೆ ಇದ್ದ ನದಿ ಯಾವುದು? ಹಾಸ್ಟೆಲಿನಲ್ಲಿ ನನ್ನ ಗೆಳತಿಯರಲ್ಲಿ ಅರ್ಧ ಜನರ ಅಪ್ಪಂದಿರಿಗೆ ಅದೇ ಹೆಸರು. "ಕಾವೇರಪ್ಪನವರೇ..." ಅಂದುಬಿಟ್ಟೆ.

ಮಫ್ಲರಿನವನು ಮೈಕು ಕಿತ್ತುಕೊಂಡ. "ಏನ್ ತಾಯಿ, ಒಬ್ರಿಗೆ ಎಷ್ಟು ಜನ ಗಂಡಂದಿರು? ಬೇಗ ಹೇಳಿ, ಹಿಂದೆ ಜನ ನಿಂತವ್ರೆ." ಇಡೀ ಕ್ಯೂ ನಕ್ಕಿತು.

"ಶಿವನ ತಲಿ ಮ್ಯಾಲೆ ಕಾವೇರಿ ಎಲ್ಲಿಂದ ಬಂದ್ಲ್ರೀ ಕಾನ್ವೆಂಟಮ್ಮ," ಅಂದರು ರೊಟ್ಟಿಯಕ್ಕ. ನಗಲಿಲ್ಲ. ಕಣ್ಣಲ್ಲಿ ನೀರಿತ್ತು. ನಿಮಗೆ ಆಗಲೇ ಹೊಳೆದಿರುತ್ತೆ, ನನಗೂ ಆಗ ಹೊಳೆಯಿತು. ಆದರೆ ನಾನು ಬಾಯಿ ತೆರೆಯೋದಕ್ಕೆ ಮುಂಚೆ ಅವರು ತಲೆ ಮೇಲೆ ಸೆರಗು ಎಳೆದುಕೊಂಡು ಮೈಕಿನ ಹತ್ತಿರ ಬಾಗಿದರು. ಮೊದಲು ಬರೀ ಉಸಿರು ಕೇಳಿಸಿತು. ಆಮೇಲೆ, "ರೀ..." ಅಂದರು. ಆಮೇಲೆ ಹೆಸರು. ಪೂರ್ತಿ ಹೆಸರು, ಊರಿನ ಸಮೇತ. "ನಾನು ಬಂದೇನ್ರಿ, ಇಲ್ಲೇ ನಿಂತೇನಿ," ಅಂದರು. ಕಂಬಕಂಬಕ್ಕೆ ಕಟ್ಟಿದ್ದ ಹಾರ್ನುಗಳಲ್ಲಿ ಆ ದನಿ ಎರಡೂ ದಡಕ್ಕೆ ಹೋಯಿತು. ಕ್ಯೂನಲ್ಲಿ ಯಾರೂ ನಗಲಿಲ್ಲ.

ಸ್ವಲ್ಪ ಹೊತ್ತಿಗೆ ಅದೇ ಹೆಸರಿನ ಇಬ್ಬರು ಮುದುಕರು ಬಂದರು. ಇಬ್ಬರೂ ಬೇರೆ ಊರಿನವರು. ಅವರಲ್ಲೊಬ್ಬರು, "ನನ್ನ ಹೆಂಡ್ತಿ ಹೆಸರು ಹಿಡಿದು ಕರೆಯೋಳಲ್ಲ. ಏನೋ ಗ್ರಹಚಾರ ಆಯ್ತು ಅಂತ ಓಡಿಬಂದೆ," ಅಂದರು. ರೊಟ್ಟಿಯಕ್ಕ ಕತ್ತಲಾಗುವ ತನಕ ಶಾಮಿಯಾನದ ಕಂಬ ಹಿಡಿದು ನಿಂತಿದ್ದರು. ಆಮೇಲೆ ಗಂಟು ಬಿಚ್ಚಿ, ಇನ್ನೂ ಅಲ್ಲೇ ಬೀಡಿ ಸೇದುತ್ತಾ ಕೂತಿದ್ದ ಆ ಇಬ್ಬರಿಗೂ ರೊಟ್ಟಿ ಕೊಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಬಹುದಿತ್ತು. "ಹೆಸರು ಹೇಳಿಬಿಟ್ರಲ್ಲ, ಈಗ ಆಯುಷ್ಯದ ಕಥೆ?" ಅಂತ ಕೇಳಿದೆ.

"ಅದನ್ನ ಯೋಚನಿ ಮಾಡಾಕತ್ತೇನ್ರಿ," ಅಂದರು. ಆಮೇಲೆ ಸಣ್ಣಗೆ ನಕ್ಕರು. "ಕೇಳಿಸ್ಕೊಂಡಿದ್ರ ಸಿಟ್ಟಂತೂ ಬಂದಿರತೈತಿ ಅವರಿಗೆ. ಭಾಳ ಸಿಟ್ಟಿನ ಮನಷ್ಯಾ."

ಮಾರನೆಯ ದಿನ ನಾನು ಅವರ ಹಣೆಯನ್ನೇ ನೋಡಿದೆ. ಕುಂಕುಮ ಮೊದಲಿನಷ್ಟೇ ಅಗಲ ಇತ್ತು.

ಹೋದ ಮಳೆಗಾಲದಲ್ಲಿ ರೊಟ್ಟಿಯಕ್ಕ ತೀರಿಕೊಂಡರು. ಅವರ ಪದ್ಧತಿಯಂತೆ ಕೂರಿಸಿ, ಹಣೆ ತುಂಬಾ ವಿಭೂತಿ ಹಚ್ಚಿದ್ದರು. ಹಸಿರು ಬಳೆ, ಕುಂಕುಮದ ವಿಷಯಕ್ಕೆ ಬಂದಾಗ ಊರಿಂದ ಬಂದಿದ್ದ ಮೈದುನ ತಡೆದರು. "ಇಷ್ಟು ವರ್ಷ ಆತು. ನಮ್ಮಣ್ಣ ಇದ್ದಾನ ಅನ್ನಾಕ ಏನೈತಿ ಆಧಾರ?" ತಂಗಿಯ ಮಗಳು ಬಳೆ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. "ಮೇಳಕ್ಕೆ ನೀವೇ ಹೋಗಿದ್ರಲ್ಲ ಆಂಟಿ. ನೀವೇ ಹೇಳಿ."

"ಕಾಣಲಿಲ್ಲಮ್ಮ," ಅಂದೆ. "ಇದಾರೆ ಅಂತ ಲೆಕ್ಕ. ತೊಡಿಸು."

ಮೈದುನ ಪಕ್ಕಕ್ಕೆ ಸರಿದರು. ಅವಳು ಒಂದೊಂದೇ ಬಳೆ ಏರಿಸಿದಳು.

ಈಗ ಗೋಡೆಯಾಚೆ ಬೇರೆಯವರಿದ್ದಾರೆ, ಒಳ್ಳೆಯ ಜನ, ಸದ್ದೇ ಇಲ್ಲ. ಎದ್ದೇಳೋಕೆ ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೇನೆ. ಹೆಸರು ಹಿಡಿದು ಕರೆಯೋಕೆ ನಮ್ಮವರೂ ಇಲ್ಲ. ನೂರಿರಲಿ, ಎಂಬತ್ತನ್ನೂ ಮುಟ್ಟಲಿಲ್ಲ ಅವರು... ಬಾಟಲಿಯ ಮುಚ್ಚಳ ಬಿಗಿ ಮಾಡಿ ದೇವರ ಮುಂದೆ ಇಟ್ಟೆ. ಇದನ್ನೆಲ್ಲ ಬರೆಯುವಾಗ ರೊಟ್ಟಿಯಕ್ಕನ ಗಂಡನ ಹೆಸರು ಎಷ್ಟೋ ಸಲ ಪೆನ್ನಿನ ತುದಿಗೆ ಬಂತು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಬರೆಯಲಿಲ್ಲ. ಎಲ್ಲೋ ಇದ್ದರೆ, ಇರಲಿ.