ಸದ್ದಿಲ್ಲದ ಆಟೊ

ಕೆ.ಬಿ. ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು ಆಟೊ ಓಡಿಸುತ್ತಿದ್ದರು. ಹರಿಹರದ ಬಾಡಿಗೆ ಮುಗಿಸಿ ಬರುವಾಗ ಅವರ ಹಳೆಯ ಡೀಸೆಲ್ ಆಟೊದ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ಹೆಂಡತಿ ಹೆಂಚಿಗೆ ರೊಟ್ಟಿ ಹಾಕುತ್ತಿದ್ದರು. ಬ್ಯಾಟರಿ ಆಟೊ ಕೊಂಡ ಮೇಲೆ ಸದ್ದೇ ಇಲ್ಲ, ರೊಟ್ಟಿ ತಡವಾಗತೊಡಗಿತು.

"ಹಾರ್ನ್ ಹೊಡೀರಿ" ಎಂದೆ.

"ಹಾರ್ನ್ ಎಲ್ಲಾರ್ದೂ ಒಂದೇ ಐತ್ರಿ" ಎಂದವರು, ಅಂದಿನಿಂದ ತಿರುವಿನಲ್ಲಿ ಕೆನ್ನೆ ಉಬ್ಬಿಸಿ ಬಾಯಲ್ಲೇ "ಡುರ್ರ್ ಡುರ್ರ್" ಎನ್ನತೊಡಗಿದರು.

ಒಮ್ಮೆ ಅವರ ಗಂಟಲು ಕಟ್ಟಿತ್ತು. ನಾನೂ ಆಟೊದಲ್ಲಿದ್ದೆ. ತಿರುವಿನಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದರು. ನಾಚಿಕೆ ಬಿಟ್ಟು ನಾನೇ "ಡುರ್ರ್ ಡುರ್ರ್" ಎಂದೆ.

ಮನೆಯೊಳಗಿಂದ ಅವರ ಹೆಂಡತಿ ಕೂಗಿದರು: "ಇವತ್ತು ಆಟೊ ಸೌಂಡು ಬ್ಯಾರೆ ಐತಲ್ರಿ! ಅದಕ್ಕೂ ಒಂದು ರೊಟ್ಟಿ ಹಾಕೀನಿ, ಒಳಗ ಕರ್ಕಂಡ್ ಬರ್ರಿ."