ಬಾಯಿ ಮುಚ್ಚಿದ ಬಂದೂಕು

ನನ್ನ ಗಂಡ ಪಂಡಿತ ಅವರು ಬಂದೂಕು ಮಾಡುತ್ತಾರೆ ಎಂದರೆ ಜನ ಗಾಬರಿಯಾಗಿ ನನ್ನ ಮುಖ ನೋಡುತ್ತಾರೆ. ಗುಂಡು ಹಾರಿಸುವ ಬಂದೂಕಲ್ಲ, ಬರೀ ತೋರಿಕೆಯದು. ಹಳೇ ಕಾಲದ ಫೌಜಿನವರು ಹೆಗಲಿಗೇರಿಸುತ್ತಿದ್ದ ಬಂದೂಕುಗಳ ನಕಲು. ಹಿಡಿ ಸಾಗವಾನಿ ಕಟ್ಟಿಗೆಯದು, ನಳಿಗೆ ಕಬ್ಬಿಣದ್ದು. ಮಹಾರಾಷ್ಟ್ರದ ಉಮರ್ಗಾದಲ್ಲಿ ಹೆದ್ದಾರಿ ಪಕ್ಕ ನಮ್ಮದೊಂದು ಲೇಥ್ ಅಂಗಡಿಯಿದೆ. ಕೂರಿಗೆ, ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡು ಸುಖವಾಗಿದ್ದ ಮನುಷ್ಯನ ಹತ್ತಿರ ಒಮ್ಮೆ ನಾಟಕ ಮಂಡಳಿಯವರು ಬಂದು, ಒಂದು ಬಂದೂಕು ಮಾಡಿಕೊಡಿ ಎಂದರು. ಅಲ್ಲಿಂದ ಹಿಡಿಯಿತು ಹುಚ್ಚು.

ಹುಚ್ಚು ಇವರಿಗೆ, ತಲೆನೋವು ನನಗೆ. ಯಾಕೆಂದರೆ ಗಿರಾಕಿಗಳ ಜೊತೆ ಮಾತಾಡುವವಳು ನಾನು. ಉದಗೀರದ ಒಬ್ಬ ಸಾಹುಕಾರರು ಹೊಸ ಬಂಗಲೆಯ ಗೋಡೆಗೆ ಬ್ರಿಟಿಷರ ಕಾಲದ ಮಾರ್ಟಿನಿ ಬಂದೂಕು ಬೇಕೆಂದರು. ಇವರು ಎಲ್ಲೆಲ್ಲೋ ತಿರುಗಿ, ಅಸಲಿ ಮಾಲನ್ನು ಕಣ್ಣಾರೆ ನೋಡಿ, ಅಳತೆ ತಪ್ಪದ ಹಾಗೆ ಮಾಡಿಟ್ಟರು. ಸಾಹುಕಾರರು ತಿರುಗಿಸಿ ಮುರುಗಿಸಿ ನೋಡಿ ಹೇಳಿದ್ದೇನು? "ಜುನಂ ದಿಸಾವಂ, ಪಣ್ ಚಕಚಕೀತ್ ಪಾಹಿಜೆ." ಹಳೆಯದಾಗಿ ಕಾಣಬೇಕಂತೆ, ಆದರೆ ಥಳಥಳ ಹೊಳೆಯಬೇಕಂತೆ! ಮೇಲೆ ಹಿತ್ತಾಳೆಯದೊಂದು ಹುಲಿ ಮುಖ ಬೇರೆ ಬೇಕಂತೆ. ನಿಲಂಗಾದ ಮಾಸ್ತರರೊಬ್ಬರಿಗೆ ಶಾಲೆಯ ಮೆರವಣಿಗೆಗೆ ಬಂದೂಕು ಬೇಕಿತ್ತು, ಮಕ್ಕಳ ಹೆಗಲಿಗೆ ಹಗುರ ಇರಬೇಕು. ಶಿರೂರ ಅನಂತಪಾಳದ ಮದುಮಗನಿಗೆ ಕುದುರೆ ಮೇಲೆ ಹಿಡಿಯಲು ಬೇಕಿತ್ತು, ಅದು ಭಾರ ಇರಬೇಕು, ಬಂಗಾರದ ಬಣ್ಣ ಇರಬೇಕು, ಕುದುರೆ ಎಳೆದರೆ ಖಟ್ ಅನ್ನಬೇಕು. ಬಂದೂಕಿನ ಕುದುರೆಯನ್ನು ಹೇಳುತ್ತಿದ್ದಾನೋ ಕೆಳಗಿನ ಕುದುರೆಯನ್ನೋ ಎಂದು ನಾನು ಚೇಷ್ಟೆ ಮಾಡಿದ್ದಕ್ಕೆ ಅವನಪ್ಪ ಸಿಟ್ಟಾಗಿ ಹೋದ. ಅಸಲಿ ಹೇಗಿತ್ತು ಎಂದು ಕೇಳಿದವರು ಯಾರೂ ಇಲ್ಲ. ಎಲ್ಲರಿಗೂ ತಮ್ಮ ಫೋಟೋ ಚಂದ ಬರಬೇಕು, ಅಷ್ಟೇ.

ಆ ನಿಲಂಗಾ ಬಂದೂಕಿನಿಂದ ಇನ್ನೊಂದು ಫಜೀತಿ ಆಯಿತು. ಮಾಸ್ತರರು ಅದನ್ನು ಶೇರ್ ಆಟೋದಲ್ಲಿ ಒಯ್ದರು. ಯಾರೋ ಹೆಂಗಸು ಕಿರುಚಿ, ಆಟೋ ನಿಂತು, ಪೊಲೀಸರು ಬಂದು ನಮ್ಮನ್ನೂ ಕರೆಸಿದರು. ನಳಿಗೆಯಲ್ಲಿ ತೂತು ಯಾಕೆ ಬಿಟ್ಟಿದ್ದೀರಿ ಎಂದು ಗದರಿದರು. ಅಂದಿನಿಂದ ಇವರು ನಳಿಗೆಯೊಳಗೆ ದಪ್ಪ ಸರಳು ತುಂಬಿ, ಬಾಯಿಗೆ ವೆಲ್ಡಿಂಗ್ ಹೊಡೆದು, ಅರದಿಂದ ಉಜ್ಜಿ ಸಪಾಟು ಮಾಡುತ್ತಾರೆ. ಆಮೇಲೆ ನಡುವೆ ಒಂದು ಕಪ್ಪು ಬೊಟ್ಟು ಇಡುತ್ತಾರೆ. ದೂರದಿಂದ ನೋಡಿದರೆ ತೂತಿನ ಹಾಗೇ ಕಾಣುತ್ತದೆ. ಆ ಬೊಟ್ಟಿನ ಬಗ್ಗೆ ಇವರಿಗೆ ಭಾರಿ ಹೆಮ್ಮೆ.

ಹೋದ ವರ್ಷ ಶ್ರಾವಣದಲ್ಲಿ ಗುಂಜೋಟಿಯಿಂದ ಧೀರಜ ಎಂಬ ಹುಡುಗ ಬಂದ. ಅವನ ಅಜ್ಜಿ ಮಲಕಮ್ಮ. ಆಕೆಯ ಅಪ್ಪ ನಿಜಾಮನ ರಜಾಕಾರರ ಗದ್ದಲದ ಕಾಲದಲ್ಲಿ ಊರ ಬುರುಜಿನ ಮೇಲೆ ಬಂದೂಕು ಹಿಡಿದು ಪಹರೆ ಮಾಡುತ್ತಿದ್ದನಂತೆ. ಒಂದು ದಿನ ಬುರುಜಿನ ಮೇಲೇ ಸತ್ತ. ಬಂದೂಕನ್ನು ಆಮೇಲೆ ಸರಕಾರ ಜಮಾ ಮಾಡಿಕೊಂಡಿತು. ಈಗ ಮಲಕಮ್ಮನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಪೂರ್ತಿ ಹೋಗುವ ಮೊದಲು, ಈ ದಸರೆಗೆ, ಅಪ್ಪನ ಬಂದೂಕನ್ನು ಮನೆಯಲ್ಲಿ ಒಮ್ಮೆ ನೋಡಬೇಕು ಎಂದು ಹಟ ಹಿಡಿದಿದ್ದಳು.

"ಕಾಕಾ, ಜಬರದಸ್ತ್ ಆಗಬೇಕ್ ನೋಡ್ರಿ," ಎಂದ ಧೀರಜ. "ಮುಂದ ಚೂರಿ ಹಚ್ರಿ. ಪಾಲಿಶ್ ಹೊಡೀರಿ. ಹಾಲ್‌ನ್ಯಾಗ ಹಾಕ್ತೀವಿ, ಬಂದವರು ನೋಡಿ ದಂಗ್ ಆಗಬೇಕು."

ಇವರು ಅವನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಮರುದಿನ ನನ್ನನ್ನು ಗಾಡಿಯ ಹಿಂದೆ ಕೂಡಿಸಿಕೊಂಡು ಗುಂಜೋಟಿಗೆ ನಡೆದರು. ಮಲಕಮ್ಮನನ್ನು ಎದುರಿಗೆ ಕೂಡಿಸಿಕೊಂಡು ಕೇಳಿದ್ದೇ ಕೇಳಿದ್ದು. ಎಷ್ಟುದ್ದ ಇತ್ತು, ಹಿಡಿ ಕರಿದೋ ಕೆಂಪೋ, ಹೆಗಲಿಗೆ ಹಾಕುವ ಪಟ್ಟಾ ಯಾವ ಕಡೆ ಇತ್ತು?

"ಹಿಡಿ ಸೀಳಿತ್ತಪ್ಪಾ," ಎಂದಳು ಆಕೆ. "ಅಪ್ಪ ಅದಕ್ಕ ಎಮ್ಮಿ ಚರ್ಮದ ಪಟ್ಟಿ ಸುತ್ತಿದ್ದ. ನಾ ಅದರ ಮ್ಯಾಲ ಗಲ್ಲಾ ಇಟ್ಟು ಮಲಗತಿದ್ದೆ."

ಇವರ ಮುಖ ಅರಳಿತು. ಅಪರೂಪಕ್ಕೆ ಅಸಲಿ ಬೇಕೆನ್ನುವ ಗಿರಾಕಿ ಸಿಕ್ಕಿದ್ದಳು. ಎರಡು ತಿಂಗಳು ಅಂಗಡಿಗೆ ಬಂದ ಕೂರಿಗೆಗಳೆಲ್ಲ ಮೂಲೆಗೆ ಬಿದ್ದವು. ಹೊಸ ಹಿಡಿಯನ್ನು ಬೇಕೆಂದೇ ಸೀಳಿದರು, ಹಳೇ ಚರ್ಮ ಹುಡುಕಿ ಸುತ್ತಿದರು. ನಾನು ಬೈದೆ, ಅತ್ತೆ, ಊಟದ ತಟ್ಟೆ ಕುಕ್ಕಿದೆ. ಏನೂ ನಾಟಲಿಲ್ಲ.

ಧೀರಜ ನಡುವೆ ಬಂದು ನೋಡಿ ಹೌಹಾರಿದ. "ಏನ್ರಿ ಕಾಕಾ ಇದು? ಮುರದ ಮಾಲ್ ಕೊಡ್ತೀರೇನ್ರಿ?"

"ನಿಮ್ಮ ಮುತ್ತಜ್ಜನ ಬಂದೂಕ ಹಿಂಗೇ ಇತ್ತು."

"ಮಂದಿಗೇನ್ ಗೊತ್ತಾಗ್ತದ್ರಿ ಹ್ಯಾಂಗಿತ್ತಂತ? ಪಟ್ಟಿ ತಗೀರಿ."

"ಪಟ್ಟಿ ತಗದ್ರ ನಾ ಕೊಡಂಗಿಲ್ಲ. ಹೋಗ್!"

ಕಡೆಗೆ ನಾನೇ ಸಮಜಾಯಿಷಿ ಹೇಳಿ ಅವನನ್ನು ಕಳಿಸಿದೆ.

ದಸರೆಯ ದಿನ ನಾವಿಬ್ಬರೇ ಒಯ್ದು ಕೊಟ್ಟೆವು. ದೇವರ ಜಗುಲಿಯ ಮುಂದೆ ಮಣ್ಣಲ್ಲಿ ಕಾಳು ಬಿತ್ತಿ ಘಟ ಇಟ್ಟಿದ್ದರು. ಒಂಬತ್ತು ದಿನದ ಜೋಳದ ಸಸಿಗಳು ಎಳೆ ಹಳದಿಯಾಗಿ ಎದ್ದಿದ್ದವು. ನಮ್ಮ ಕಡೆ ದಸರೆಗೆ ಆ ಸಸಿ ಕಿತ್ತು ಗಂಡಸರ ಟೊಪ್ಪಿಗೆಗೆ ಸಿಗಿಸುತ್ತಾರೆ. ಇವರು ಬಂದೂಕನ್ನು ಮಲಕಮ್ಮನ ತೊಡೆಯ ಮೇಲೆ ಇಟ್ಟರು. ಆಕೆ ಹಿಡಿ ಸವರಿದಳು. ಚರ್ಮದ ಪಟ್ಟಿ ಸಿಕ್ಕ ಕೂಡಲೇ ಕೈ ನಿಂತಿತು. ಬಗ್ಗಿ ಗಲ್ಲ ಇಟ್ಟಳು.

"ಹೌದು, ಅಪ್ಪಂದೇ," ಎಂದಳು.

ನನ್ನ ಗಂಡ ಅಳುವುದನ್ನು ನಾನು ನೋಡಿದ್ದು ಅವತ್ತೇ. ಮೂಗು ಒರೆಸಿಕೊಂಡು ಗೋಡೆ ಕಡೆ ತಿರುಗಿದರು. ಧೀರಜ ಮೊಬೈಲ್ ತೆಗೆದು, "ಆಯಿ, ಮ್ಯಾಲ ಎತ್ತಿ ಹಿಡಿ, ಫೋಟೋ ತಗೀತೀನಿ," ಎಂದ.

ಆಕೆಗೆ ಅದು ಕೇಳಿಸಲೇ ಇಲ್ಲ. ಕೈ ಚಾಚಿ ಘಟದಿಂದ ಒಂದು ಹಿಡಿ ಸಸಿ ಕಿತ್ತಳು. ಇನ್ನೊಂದು ಕೈಯಿಂದ ನಳಿಗೆಯ ತುದಿ ಹುಡುಕಿ, ಕಪ್ಪು ಬೊಟ್ಟಿನ ಮೇಲೆ ಸಸಿಗಳನ್ನು ಇಟ್ಟು ಒತ್ತಿದಳು. ಸಸಿಗಳು ಮಡಚಿ ನೆಲಕ್ಕೆ ಬಿದ್ದವು. ಆರಿಸಿಕೊಂಡು ಮತ್ತೆ ಒತ್ತಿದಳು. ಮತ್ತೆ ಬಿದ್ದವು. ಬೆರಳಿಂದ ತಡವಿ ನೋಡಿದಳು. ಸಪಾಟು ಕಬ್ಬಿಣ.

"ಇದರ ಬಾಯಿ ಎಲ್ಲದಪ್ಪಾ?"

ನಾನೇ ಹೇಳಿದೆ: "ಪೊಲೀಸರು ಮುಚ್ಚಂದಾರ್ರಿ ಆಯಿ. ಯಾಕ್ರಿ, ಏನ್ ಮಾಡ್ತಿದ್ರಿ?"

"ನಮ್ಮವ್ವ ದಸರಾಕ್ಕ ಇದರ ಬಾಯಾಗ ಘಟದ ಹಸರ ಇಡತಿದ್ಳವ್ವಾ. ಹಸರ ಇಟ್ಟ ದಿನ ಬಂದೂಕ ಮುಟ್ಟಬಾರದು. ಅಪ್ಪ ಅದೊಂದಿನಾನೇ ಬುರುಜಿಗೆ ಹೋಗತಿದ್ದಿಲ್ಲ. ನಮ್ ಕೂಡ ಕುಂತು ಹೋಳಗಿ ಉಣತಿದ್ದ." ಸಸಿಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. "ಅದನ್ನೇ ನೋಡಬೇಕಿತ್ತು ನಾ."

ಧೀರಜ, "ಆಯಿ, ದಾರ ಕಟ್ಟಿದ್ರಾತು," ಎಂದ. ಆಕೆ ಬೇಡವೆಂದು ತಲೆಯಾಡಿಸಿದಳು. ಇವರು ಬಂದೂಕನ್ನು ಕಸಿದುಕೊಂಡವರಂತೆ ಎತ್ತಿಕೊಂಡು, "ಡ್ರಿಲ್ ಮಶೀನ್ ಅದ ಏನೋ ಊರಾಗ?" ಎಂದು ಧೀರಜನನ್ನು ಕೇಳಿದರು. ಹಬ್ಬದ ದಿನ ಯಾರ ಅಂಗಡಿ ತೆರೆದಿರುತ್ತದೆ? ತೆರೆದಿದ್ದರೂ ಒಳಗೆಲ್ಲ ದಪ್ಪ ಸರಳು ತುಂಬಿದವರು ಇವರೇ ಅಲ್ಲವೇ? ನನಗೆ ಮೈಯೆಲ್ಲ ಉರಿಯಿತು. ಉದ್ದ ಕೇಳಿದರು, ಬಣ್ಣ ಕೇಳಿದರು, ಸೀಳು ಎಲ್ಲಿತ್ತೆಂದು ಕೇಳಿದರು. ಇದನ್ನು ಇಟ್ಟುಕೊಂಡು ಏನು ಮಾಡುತ್ತೀ ತಾಯಿ ಎಂದು ಒಂದು ಮಾತು ಕೇಳಲಿಲ್ಲ. ಮಗ್ಗುಲಲ್ಲೇ ಕೂತಿದ್ದ ನನಗಾದರೂ ಹೊಳೆಯಬೇಕಿತ್ತಲ್ಲ!

ಮಲಕಮ್ಮ ಇವರ ಕೈ ಹಿಡಿದು ಕೂಡಿಸಿದಳು. "ಬಿಡಪ್ಪಾ, ಸಿಟ್ಟಾಗಬ್ಯಾಡ. ಅಪ್ಪಂದೂ ಹಿಂಗೇ ಬಾಯಿ ಮುಚ್ಚಿದ್ದಿದ್ರ ಅಂವಾ ದಿನಾ ಮನ್ಯಾಗೇ ಇರ್ತಿದ್ದ." ಆ ಸಸಿಗಳನ್ನು ತಡವರಿಸಿ ಇವರ ಟೊಪ್ಪಿಗೆಗೆ ಸಿಗಿಸಿದಳು.

ಉಮರ್ಗಾಕ್ಕೆ ಮರಳಿದೆವು. ಇವರು ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಟೊಪ್ಪಿಗೆ ತೆಗೆದು ಆ ಬಾಡಿದ ಸಸಿ ನೋಡುತ್ತ ನಿಂತರು.

"ಒಂದ್ ಬೆರಳಿನಷ್ಟು ಆಳ ತೂತು ಬಿಟ್ಟಿದ್ರ ಸಾಕಿತ್ತಲ್ಲ, ಅನಸೂಯಾ," ಎಂದರು.