ಬುಧವಾರದ ವೈಧವ್ಯ

ಪ್ರತಿ ಬುಧವಾರ ಬೆಳಿಗ್ಗೆ ನಾನು ನವಿಮುಂಬಯಿಗೆ ಹೋಗಿ ವಿಧವೆಯಾಗುತ್ತೇನೆ. ಮಧ್ಯಾಹ್ನದೊಳಗೆ ನಾಲ್ಕೈದು ಬಾರಿ ಆಗಿ ಮುಗಿಸಿ, ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಠಾಕುರ್ಲಿಯ ಮನೆಗೆ ಬಂದು, ಗಂಡನಿಗೆ ಸಾರು ಬಿಸಿ ಮಾಡಿ ಬಡಿಸುತ್ತೇನೆ. ನಿವೃತ್ತ ಟೀಚರಿಗೆ ಇದಕ್ಕಿಂತ ಗೌರವದ ಕೆಲಸ ಸಿಗುವುದು ಕಷ್ಟ.

ಅಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಸಿಮ್ಯುಲೇಶನ್ ಲ್ಯಾಬ್ ಎಂಬುದಿದೆ. ಹಾಸಿಗೆಯ ಮೇಲೆ ಮಲಗಿರುವ ರಬ್ಬರಿನ ಗೊಂಬೆ ಉಸಿರಾಡುತ್ತದೆ, ರೆಪ್ಪೆ ಬಡಿಯುತ್ತದೆ, ಬೆವರುತ್ತದೆ ಕೂಡ. ಗಾಜಿನಾಚೆ ಕೂತ ಪ್ರೊಫೆಸರ್ ಗುಂಡಿ ಒತ್ತಿದರೆ ಅದರ ಎದೆಬಡಿತ ನಿಲ್ಲುತ್ತದೆ. ವಿದ್ಯಾರ್ಥಿಗಳು ಎಷ್ಟು ಎದೆ ಒತ್ತಿದರೂ ಅದು ಬದುಕಬಾರದೆಂದು ಮೊದಲೇ ತೀರ್ಮಾನವಾಗಿರುತ್ತದೆ. ಆಮೇಲೆ ಅವರು ಪಕ್ಕದ ಕೋಣೆಗೆ ಬಂದು ಗೊಂಬೆಯ ಹೆಂಡತಿಗೆ ಸುದ್ದಿ ಹೇಳಬೇಕು. ಆ ಹೆಂಡತಿ ನಾನು: ಕಟ್ಟಡದ ಕೆಲಸಕ್ಕೆ ಕಲಬುರಗಿಯಿಂದ ಬಂದ, ಹಿಂದಿ ಅಷ್ಟಾಗಿ ಬಾರದ ಹೆಂಗಸು. ಮೈಸೂರಿನವಳಾದ ನಾನು ಕಲಬುರಗಿಯನ್ನು ಕಂಡಿದ್ದು ರೈಲಿನ ಕಿಟಕಿಯಿಂದ ಮಾತ್ರ. ಆದರೆ ಡೊಂಬಿವಲಿಯ ಕನ್ನಡ ನಾಟಕಗಳಲ್ಲಿ ವರ್ಷಗಟ್ಟಲೆ ಅತ್ತ ಅನುಭವವಿತ್ತು.

ಸಾವಿನ ಸುದ್ದಿ ಹೇಳುವುದಕ್ಕೂ ಪದ್ಧತಿಯಿದೆ. ಕುರ್ಚಿ ಎಳೆದು ಎದುರು ಕೂರಬೇಕು, ನೀರು ಕೊಡಬೇಕು, ಸುತ್ತಿ ಬಳಸದೆ ಹೇಳಬೇಕು, ಸುಳ್ಳು ಆಸೆ ಹುಟ್ಟಿಸಬಾರದು. ಒಂದೊಂದಕ್ಕೂ ಅಂಕ. ಒಬ್ಬ ಹುಡುಗನಂತೂ ಬಾಯಿ ಬಿಡುವ ಮೊದಲೇ ಟಿಶ್ಯೂ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟು, ಅರ್ಧ ಸುದ್ದಿಯನ್ನು ಡಬ್ಬಿಯಿಂದಲೇ ಹೇಳಿಸಿದ್ದ.

ಒಂದು ಬುಧವಾರ ಮಾತ್ರ ನನಗೆ ಹೋಗಲು ಮನಸ್ಸಿರಲಿಲ್ಲ. ಮರುದಿನ ಅದೇ ಕಾಲೇಜಿನ ಆಸ್ಪತ್ರೆಯಲ್ಲಿ ನನ್ನ ನಿಜವಾದ ಗಂಡನಿಗೆ ಆಂಜಿಯೋಪ್ಲಾಸ್ಟಿ. ಕೆಲವು ದಿನಗಳಿಂದ ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದರು. "ಹೋಗ್ಬಾ, ಅಭ್ಯಾಸ ತಪ್ಪಬಾರ್ದು" ಎಂದು ಅವರು ನಕ್ಕಾಗ ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು.

ಅಂದು ಮೊದಲು ಬಂದವಳು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ತಂದೆತಾಯಿ ಮಂಡ್ಯದ ಕಡೆಯವರು. ಕನ್ನಡ ಅರ್ಥವಾಗುತ್ತಿತ್ತು, ಉತ್ತರವನ್ನು ಹಿಂದಿಯಲ್ಲಿ ಕೊಡುತ್ತಿದ್ದಳು. ಹಿಂದಿನ ಸಲ ನನಗಿಂತ ಮೊದಲು ತಾನೇ ಅತ್ತು ಫೇಲಾಗಿದ್ದಳು. ಈ ಸಲವೂ ಫೇಲಾದರೆ ಜೊತೆಯವರೆಲ್ಲ ಇಂಟರ್ನ್‌ಶಿಪ್‌ಗೆ ಹೋಗುತ್ತಾರೆ, ಇವಳೊಬ್ಬಳು ಹಿಂದೆ ಉಳಿಯುತ್ತಾಳೆ.

"ಡಾಕ್ಟರಮ್ಮಾ, ನಮ್ಮನಿಯವ್ರು ಹ್ಯಾಂಗದಾರ್ರೀ?" ಎಂದು ನನ್ನ ನಾಟಕದ ಭಾಷೆಯಲ್ಲಿ ಕೇಳಿದೆ.

ಅವಳು ಕೂತಳು, ನೀರು ಕೊಟ್ಟಳು. ನಾನು ಹಿಂದಿಗೆ ಕಾಯುತ್ತಿದ್ದೆ. ಅವಳು ಮೆಲ್ಲಗೆ, ನಮ್ಮ ಮನೆಗಳ ಕನ್ನಡದಲ್ಲಿ ಹೇಳಿದಳು: "ನಿಮ್ಮ ಯಜಮಾನ್ರು ತೀರ್ಕೊಂಡ್ರು, ಅಮ್ಮ."

ಕಲಬುರಗಿ ಎಲ್ಲಿ ಹೋಯಿತೋ, ಗೊಂಬೆ ಎಲ್ಲಿ ಹೋಯಿತೋ. "ಬಿಡ್ತು ಅನ್ನು" ಎಂದು ಗದರಿಬಿಟ್ಟೆ.

"ಬಿಡ್ತು" ಎಂದಳು ಹುಡುಗಿ ತಕ್ಷಣ. ಅಶುಭ ನುಡಿದು ಅಮ್ಮನಿಂದ ಬೈಸಿಕೊಂಡ ಮಕ್ಕಳೆಲ್ಲ ಅನ್ನುವುದು ಹಾಗೆಯೇ.

ಏನಾಯಿತೆಂದು ಪ್ರೊಫೆಸರ್ ಮೈಕಿನಲ್ಲಿ ಕೇಳಿದರು. ಹೇಳಿದ ಕೆಟ್ಟ ಮಾತನ್ನು ವಾಪಸ್ ತೆಗೆದುಕೊಂಡಳು ಎಂದು ವಿವರಿಸಿದೆ. ಹಾಗಾದರೆ ರೋಗಿ ಸತ್ತಿದ್ದಾನೋ ಇಲ್ಲವೋ ಎಂದು ಅವರು ಪಟ್ಟು ಹಿಡಿದರು. ಅಷ್ಟರಲ್ಲಿ ಮುಂದಿನ ವಿದ್ಯಾರ್ಥಿಗಾಗಿ ಗೊಂಬೆಯನ್ನು ಚಾಲೂ ಮಾಡಿದ್ದರಿಂದ ಅದು ಪಕ್ಕದ ಕೋಣೆಯಲ್ಲಿ ಹಾಯಾಗಿ ಉಸಿರಾಡುತ್ತಿತ್ತು. ಅಷ್ಟು ಮಂದಿ ಎದೆ ಒತ್ತಿದರೂ ಆಗದ ಕೆಲಸ ಹುಡುಗಿಯ ಒಂದು ಮಾತಿಗೆ ಆಗಿತ್ತು. ಆದರೂ ಪ್ರೊಫೆಸರ್ ಸುಳ್ಳು ಆಸೆಯ ಸಾಲಿನಲ್ಲಿ ಸೊನ್ನೆ ಸುತ್ತಿದರು.

ಪಾಠದಲ್ಲಿಲ್ಲದ ಮಾತು ಆಡಿದವಳು ನಾನು ಎಂದು ಜಗಳ ತೆಗೆದೆ. ಕೊನೆಗೆ ಇನ್ನೊಂದು ಅವಕಾಶ ಕೊಟ್ಟರು, ಒಂದು ಷರತ್ತಿನ ಮೇಲೆ: ನಾನು ಅದೇ ಮಾತನ್ನು ಮತ್ತೆ ಆಡಬೇಕು, ಹುಡುಗಿ ನಿಭಾಯಿಸಬೇಕು.

ಮತ್ತೆ ಬಂದಳು, ಕೂತಳು, ಹೇಳಿದಳು. "ಬಿಡ್ತು ಅನ್ನು" ಎಂದೆ. ಬಿಡ್ತು ಅಂದರೆ ಅವಳು ಫೇಲಾಗುತ್ತಾಳೆಂದು ಗೊತ್ತಿದ್ದೂ, ಒಂದು ಸಲ ಅಂದುಬಿಡಲಿ ಎಂದು ನನ್ನ ಜೀವ ಬೇಡುತ್ತಿತ್ತು.

"ಅನ್ನಕ್ಕಾಗಲ್ಲ ಅಮ್ಮ" ಎಂದು ಅವಳು ನನ್ನ ಕೈ ಹಿಡಿದಳು. "ನಿಜವಾಗ್ಲೂ ಹೋಗ್ಬಿಟ್ರು."

ನಾನು ಬಿಕ್ಕಿ ಬಿಕ್ಕಿ ಅತ್ತೆ. ಎಂಥ ಸಹಜ ಅಭಿನಯ ಎಂದು ಪ್ರೊಫೆಸರ್ ಮೈಕಿನಲ್ಲಿ ಹೊಗಳಿದರು. ಇನ್ನು ಉಳಿದದ್ದು ನಾನು ಕೊಡಬೇಕಾದ ಅಂಕ. ಪ್ರತಿಯೊಬ್ಬರದು ಮುಗಿದ ಮೇಲೂ ಗೊಂಬೆಯ ಹೆಂಡತಿಗೆ ಒಂದು ಪ್ರಶ್ನೆ ಕೇಳುತ್ತಾರೆ: ಇಂಥ ಸುದ್ದಿ ಬರುವುದಾದರೆ, ಅದನ್ನು ಈ ಡಾಕ್ಟರಿಂದ ಕೇಳಲು ನಿಮಗೆ ಒಪ್ಪಿಗೆಯೇ?

ಯಾರಿಂದಲೂ ಕೇಳಲು ಒಪ್ಪಿಗೆಯಿಲ್ಲ ಎಂಬ ಉತ್ತರಕ್ಕೆ ಅಲ್ಲಿ ಅಂಕವಿರಲಿಲ್ಲ. ಹುಡುಗಿ ಬಾಗಿಲ ಬಳಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಒಪ್ಪಿಗೆ ಎಂದೆ. ಅವಳು ಪಾಸಾದಳು, ನನಗೆ ಮಾತ್ರ ಮರುದಿನ ಬರಬಹುದಾದ ಸುದ್ದಿಗೆ ನಾನೇ ಸಹಿ ಹಾಕಿ ಕೊಟ್ಟ ಹಾಗಾಯಿತು.